ಪಟಿಕದ ನೀರಿನಲ್ಲಿ ಮಿಂದ ಲಂಗ

ನಾನೊಂದು ಬ್ಯಾಲೆ ಲಂಗ. ಟ್ಯೂಲ್ ಎಂಬ ಸಣ್ಣ ಕಣ್ಣಿನ ಜಾಲರಿ ಬಟ್ಟೆಯ ಏಳು ಪದರಗಳೇ ನನ್ನ ಮೈ. ಫ್ರಾನ್ಸ್ ದೇಶದ ಉತ್ತರದ ಕಡಲತೀರದಲ್ಲಿರುವ ಕಲೇ ಎಂಬ ಊರಿನ ಯಂತ್ರವೊಂದು ನನ್ನನ್ನು ನೇಯ್ದಿತು. 1858ರ ಚಳಿಗಾಲದಲ್ಲಿ ಸುರುಳಿ ಸುತ್ತಿಸಿಕೊಂಡು, ರೈಲು ಹತ್ತಿ, ಲಿಯೋನ್ ನಗರಕ್ಕೆ ಬಂದೆ. ಅಲ್ಲಿನ ರಂಗಮಂದಿರವೊಂದರ ಮೂರನೆಯ ಮಹಡಿಯಲ್ಲಿ ಹೊಲಿಗೆಯ ಕೋಣೆಯಿತ್ತು. ಅದರ ಯಜಮಾನಿ ಮದಾಮ್ ಒದೀಲ್ ನನ್ನನ್ನು ಕತ್ತರಿಸಿ, ಸೊಂಟದ ಪಟ್ಟಿಗೆ ಸೇರಿಸಿ ಹೊಲಿದರು. ಐವತ್ತು ದಾಟಿದ ಹೆಂಗಸು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಹೊಲಿಗೆ ಒಂದು ಎಳೆ ಸೊಟ್ಟಗಾದರೂ ಬಿಚ್ಚಿ ಮತ್ತೆ ಹಾಕುತ್ತಿದ್ದರು.

ಆಗ ಆ ರಂಗಮಂದಿರದಲ್ಲಿ ಹೊಸ ಬ್ಯಾಲೆಯೊಂದರ ತಯಾರಿ ನಡೆದಿತ್ತು. ನದಿಯ ಮೇಲಿನ ಮಂಜು ಹೆಣ್ಣಾಗಿ ಬಂದು ಒಬ್ಬ ಅಂಬಿಗನ ಮನಸ್ಸು ಕದಿಯುವ ಕಥೆ. ಮಂಜಿಗೆ ಮೈಯಿಲ್ಲ, ತೂಕವಿಲ್ಲ. ಅದಕ್ಕೆಂದೇ ನರ್ತಕಿ ಕಾಲ್ಬೆರಳ ತುದಿಯ ಮೇಲೆ ನಿಲ್ಲುತ್ತಿದ್ದಳು. ಅದಕ್ಕೆಂದೇ ನನ್ನಂಥ ಲಂಗ. ಅವಳು ಹಾರಿದಾಗ ನಾನು ಅರಳಬೇಕು, ಇಳಿದಾಗ ಅವಳಿಗಿಂತ ಒಂದು ಕ್ಷಣ ತಡವಾಗಿ ಇಳಿಯಬೇಕು. ಆಗ ನೋಡುವವರಿಗೆ ಅವಳು ನೆಲಕ್ಕೆ ಬರಲೇ ಇಲ್ಲವೆನಿಸುತ್ತದೆ.

ನನ್ನನ್ನು ತೊಡಬೇಕಾಗಿದ್ದವಳು ಕ್ಲೆಮಾನ್ಸ್. ಅಗಸಗಿತ್ತಿಯ ಮಗಳು, ಇಪ್ಪತ್ತೆರಡು ವರ್ಷ. ಹನ್ನೊಂದು ವರ್ಷ ಗುಂಪಿನಲ್ಲಿ ಕುಣಿದು ಮೊದಲ ಸಲ ಮುಖ್ಯ ಪಾತ್ರ ಪಡೆದಿದ್ದಳು. ನನ್ನನ್ನು ಉಟ್ಟ ಮೊದಲ ದಿನ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು.

"ಏನೂ ಉಟ್ಟೇ ಇಲ್ಲ ಅನ್ನೋ ಹಾಗಿದೆ, ಮದಾಮ್" ಅಂದಳು.

ಅವಳ ಸೊಂಟದಲ್ಲಿ ಕುಳಿತು ನಾನು ಆ ದಿನ ಹಿಗ್ಗಿದ್ದು ನಿಜ. ಮದಾಮ್ ಒದೀಲ್ ಮಾತ್ರ ಹಿಗ್ಗಲಿಲ್ಲ. ರಂಗದ ಎರಡೂ ಪಕ್ಕದಲ್ಲಿ, ಮರೆಪರದೆಗಳ ನಡುವೆ, ಗ್ಯಾಸ್ ದೀಪಗಳು ಸಾಲಾಗಿ ಉರಿಯುತ್ತಿದ್ದವು. ಗಾಜಿನ ಬುರುಡೆಯಿಲ್ಲದ ಬರೀ ಜ್ವಾಲೆ. ನರ್ತಕಿಯರು ಅವುಗಳ ಪಕ್ಕದಿಂದಲೇ ಒಳಗೆ ಹೋಗಿ ಹೊರಗೆ ಬರಬೇಕು. ಹಿಂದೆ ಬೇರೊಂದು ಊರಿನಲ್ಲಿ ಒದೀಲ್ ಕಣ್ಣೆದುರಿಗೇ ಒಬ್ಬ ಹುಡುಗಿಯ ಲಂಗಕ್ಕೆ ಬೆಂಕಿ ಹತ್ತಿತ್ತು. ಹುಡುಗಿ ಎಂಟು ದಿನ ಬದುಕಿದ್ದಳು. ಆ ಲಂಗ ಹೊಲಿದವರು ಇವರೇ.

ಇದಕ್ಕೊಂದು ಉಪಾಯವಿತ್ತು. ಬಟ್ಟೆಯನ್ನು ಪಟಿಕದ ನೀರಿನಲ್ಲಿ ಅದ್ದಿ ಒಣಗಿಸಿದರೆ, ಬೆಂಕಿ ತಾಗಿದಾಗ ಅದು ಕಪ್ಪಾಗುತ್ತದೆ, ಹೊಗೆಯಾಡುತ್ತದೆ, ಆದರೆ ಭಗ್ಗೆಂದು ಹತ್ತಿಕೊಳ್ಳುವುದಿಲ್ಲ. ಅದ್ದಿದ ಲಂಗ ಬಿರುಸಾಗುತ್ತದೆ, ಬಿಳುಪು ಹೋಗಿ ಮಾಸಲಾಗುತ್ತದೆ. ಆದ್ದರಿಂದ ಯಾವ ನರ್ತಕಿಗೂ ಅದು ಬೇಡವಾಗಿತ್ತು. ರಂಗಮಂದಿರದ ನಿರ್ದೇಶಕ ಮೊಸ್ಯೂ ಬರ್ತೆಲ್ "ಬೇಕಾದೋರು ಅದ್ದಿಸ್ಕೊಳ್ಳಿ, ಬೇಡದೋರು ಬಿಡಿ" ಎಂದು ಕೈತೊಳೆದುಕೊಂಡಿದ್ದರು.

ಮೊದಲ ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಿತ್ತು. ಸೋಮವಾರ ರಂಗಮಂದಿರಕ್ಕೆ ರಜೆ. ಆ ಬೆಳಗ್ಗೆ ಮದಾಮ್ ಒದೀಲ್ ಒಬ್ಬರೇ ಬಂದು, ಬಾಗಿಲ ಅಗುಳಿ ಹಾಕಿ, ತೊಟ್ಟಿಗೆ ಬಿಸಿನೀರು ಸುರಿದು ಪಟಿಕ ಕರಗಿಸಿದರು. ಯಾರನ್ನೂ ಕೇಳಲಿಲ್ಲ. ನನ್ನನ್ನು ಎರಡು ಕೈಯಿಂದ ಹಿಡಿದು ಮುಳುಗಿಸಿದರು. ನನ್ನ ಪ್ರತಿ ಕಣ್ಣಿನೊಳಗೂ ಪಟಿಕದ ಉಪ್ಪು ಕೂತಿತು. ಹಗ್ಗದ ಮೇಲೆ ಒಣಗಿದಾಗ ನಾನು ಬೇರೆಯೇ ಆಗಿದ್ದೆ. ಅಲುಗಿದರೆ ಒಣಗಿದ ಎಲೆಯ ಹಾಗೆ ಸದ್ದು ಮಾಡುತ್ತಿದ್ದೆ.

ಮರುದಿನ ಮಧ್ಯಾಹ್ನ ಪೂರ್ತಿ ವೇಷದಲ್ಲಿ ತಾಲೀಮು. ಕ್ಲೆಮಾನ್ಸ್ ನನ್ನನ್ನು ಕೈಗೆತ್ತಿಕೊಂಡವಳು ಹಾಗೇ ನಿಂತಳು.

"ಇದು ನನ್ನ ಲಂಗ ಅಲ್ಲ."

"ನಿಂದೇ. ಅದ್ದಿದೀನಿ" ಅಂದರು ಒದೀಲ್.

"ಯಾರನ್ನ ಕೇಳಿ ಅದ್ದಿದ್ರಿ?"

"ಕೇಳಿದ್ರೆ ಒಪ್ತಿದ್ಯಾ?"

ಕೆಳಗೆ ವಾದ್ಯದವರು ಶ್ರುತಿ ಮಾಡಿಕೊಂಡು ಕಾಯುತ್ತಿದ್ದರು. ಬೇರೆ ಲಂಗ ಇರಲಿಲ್ಲ. ಕ್ಲೆಮಾನ್ಸ್ ಹಲ್ಲು ಕಚ್ಚಿ ನನ್ನನ್ನು ಉಟ್ಟಳು. ಒದೀಲ್ ಹಿಂದೆ ನಿಂತು ನನ್ನ ಕೊಕ್ಕೆಗಳನ್ನು ಒಂದೊಂದಾಗಿ ಹಾಕಿದರು.

ಮೊದಲ ಅಂಕ ಕೆಟ್ಟದಾಗಿ ಹೋಯಿತು. ನಾನು ಅರಳಲಿಲ್ಲ. ಅವಳು ಇಳಿದಾಗ ಅವಳ ಜೊತೆಗೇ ದೊಪ್ಪನೆ ಇಳಿದೆ. ಅವಳ ಉಸಿರು ಸಿಟ್ಟಿನಿಂದ ಬಿಸಿಯಾಗಿತ್ತು.

ಎರಡನೆಯ ಅಂಕದಲ್ಲಿ ಮಂಜಿನ ಹೆಣ್ಣಿನ ಸುತ್ತ ಹನ್ನೆರಡು ಮಂದಿ ಗೆಳತಿಯರು. ಅವರಲ್ಲಿ ನೊಯೆಲಿ ಎಂಬ ಹತ್ತೊಂಬತ್ತರ ಹುಡುಗಿ ತನ್ನ ಸರದಿಗಾಗಿ ಮರೆಪರದೆಯ ಹತ್ತಿರ ಬೆಂಚಿನ ಮೇಲೆ ಕುಳಿತಿದ್ದಳು. ಸರದಿ ಬಂತು. ಎದ್ದು ನಿಂತು, ಕೂತದ್ದರಿಂದ ಮುದುಡಿದ್ದ ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಒದರಿದಳು. ಹಿಂದಿನ ಅಂಚು ದೀಪಕ್ಕೆ ತಾಗಿತು.

ಸದ್ದೇ ಆಗಲಿಲ್ಲ. ಬೆಳಕು ಮಾತ್ರ ಒಮ್ಮೆಲೇ ಹೆಚ್ಚಾಯಿತು.

ನೊಯೆಲಿ ಓಡಿದಳು. ಓಡಿದಷ್ಟೂ ಬೆಂಕಿ ಮೇಲೇರಿತು. ರಂಗದ ನಡುವಿಗೆ ಬಂದಳು. ಗೆಳತಿಯರೆಲ್ಲ ಗೋಡೆಯತ್ತ ಸರಿದರು. ಅವರನ್ನು ನಾನು ಬೈಯಲಾರೆ. ಎಲ್ಲರೂ ಉಟ್ಟದ್ದು ಅದೇ ಜಾಲರಿ. ಯಾರು ಹತ್ತಿರ ಹೋದರೂ ಇನ್ನೊಂದು ಪಂಜು. ವಾದ್ಯದವರಲ್ಲಿ ಒಬ್ಬ ಇನ್ನೂ ಪಿಟೀಲು ನುಡಿಸುತ್ತಲೇ ಇದ್ದ.

ಕ್ಲೆಮಾನ್ಸ್ ಉಸಿರು ಒಂದು ಸಲ ನಿಂತಿತು. ಮರುಕ್ಷಣ ಅವಳು ಓಡುತ್ತಿದ್ದಳು. ನೊಯೆಲಿಯ ತೋಳು ಹಿಡಿದು ನೆಲಕ್ಕೆ ಕೆಡವಿ, ಅವಳ ಮೇಲೆ ಬಿದ್ದಳು. ಬೆಂಕಿಗೂ ಅವಳಿಗೂ ನಡುವೆ ನಾನು. ನನ್ನ ಕೆಳಗಿನ ಪದರ ಕರಿಕಾಯಿತು, ಎರಡನೆಯದು ಹೊಗೆಯಾಡಿತು, ಮೂರನೆಯದರಲ್ಲಿ ತೂತುಗಳು ತೆರೆದವು. ಆದರೆ ನಾನು ಹತ್ತಿಕೊಳ್ಳಲಿಲ್ಲ. ಒದ್ದೆ ಕಂಬಳಿ ಹೊತ್ತು ಒದೀಲ್ ಬಂದು ಇಬ್ಬರನ್ನೂ ಮುಚ್ಚಿದರು.

ನೊಯೆಲಿ ಬದುಕಿದಳು. ಎಡಗಾಲು ಸೊಟ್ಟಗಾಯಿತು, ಕುಣಿತ ಅಲ್ಲಿಗೆ ಮುಗಿಯಿತು. ಕ್ಲೆಮಾನ್ಸ್‌ಳ ಅಂಗೈಗಳು ಬೊಬ್ಬೆಯೆದ್ದವು. ಪ್ರದರ್ಶನ ಮೂರು ವಾರ ಮುಂದೆ ಹೋಯಿತು. ಇನ್ನು ಮೇಲೆ ಎಲ್ಲರೂ ಅದ್ದಿದ ಲಂಗವನ್ನೇ ಕೇಳುತ್ತಾರೆಂದು ನಾನು ನಂಬಿದ್ದೆ. ಒದೀಲ್ ಕೂಡ ನಂಬಿ ಪಟಿಕದ ಮೂಟೆ ತರಿಸಿಟ್ಟಿದ್ದರು.

ಹತ್ತನೆಯ ದಿನ ಕ್ಲೆಮಾನ್ಸ್ ಕೈಗೆ ಪಟ್ಟಿ ಕಟ್ಟಿಕೊಂಡು ಹೊಲಿಗೆಯ ಕೋಣೆಗೆ ಬಂದಳು.

"ಹೊಸ ಲಂಗ ಬೇಕು, ಮದಾಮ್. ಅದ್ದದೆ ಇರೋದು."

ಒದೀಲ್ ಬಾಯಿಂದ ಗುಂಡುಸೂಜಿ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟೆಲ್ಲಾ ಕಂಡ ಮೇಲೂ?"

"ಕಂಡಿದೀನಿ. ವಾಸನೆ ಇನ್ನೂ ಮೂಗಲ್ಲಿದೆ."

"ಮತ್ತೆ ಯಾಕೆ?"

"ಆ ದಿನ ನಾನು ಒಂದು ಸಲನೂ ಮಂಜಾಗಲಿಲ್ಲ. ಭಾರದ ಹೆಂಗಸೊಬ್ಬಳು ನೆಗೀತಿದ್ಲು, ಅಷ್ಟೆ. ಅಮ್ಮ ಹನ್ನೊಂದು ವರ್ಷ ಊರಿನೋರ ಬಟ್ಟೆ ಒಗೆದು ನನ್ನ ಇಲ್ಲಿಗೆ ಕಳಿಸಿದ್ದು ಅದಕ್ಕಲ್ಲ. ಈ ಕಾಲು ಇನ್ನೆಷ್ಟು ವರ್ಷ ಬರುತ್ತೆ ಹೇಳಿ? ಇರೋವಷ್ಟು ದಿನ ಹಾರಬೇಕು."

"ನಾನು ಹೊಲಿಯಲ್ಲ."

"ಬೇರೆಯೋರು ಹೊಲೀತಾರೆ."

ಕೊನೆಗೆ ಒದೀಲ್ ಕತ್ತರಿ ಎತ್ತಿಕೊಂಡರು. "ಬೇರೆಯೋರು ಲಂಗದ ಅಗಲ ಜಾಸ್ತಿ ಬಿಡ್ತಾರೆ. ನಾನಾದ್ರೆ ಅಂಚನ್ನ ದೀಪದಿಂದ ನಾಲ್ಕು ಬೆರಳು ದೂರ ಇಡ್ತೀನಿ. ತಿರುಗು, ಅಳತೆ ತಗೋಬೇಕು." ಅಳತೆಯ ಪಟ್ಟಿಯ ಮೇಲೆ ಅವರ ಕಣ್ಣೀರು ಬಿದ್ದದ್ದನ್ನು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ನಾನು ಕಂಡೆ.

ಮೊದಲ ಪ್ರದರ್ಶನದ ದಿನ ಒದೀಲ್ ಮರೆಪರದೆಯ ಹಿಂದೆ ನಿಂತರು. ಎರಡೂ ತೋಳಿನ ಮೇಲೆ ನೀರಿಳಿಯುವ ಕಂಬಳಿ. ಅದರ ಮೇಲೆ ನಾನು, ಯಾಕೋ ನನ್ನನ್ನೂ ತಂದಿದ್ದರು. ಅವಳು ಕುಣಿಯುವುದನ್ನು ಹೊರಗಿನಿಂದ ನಾನು ನೋಡಿದ್ದು ಅದೇ ಮೊದಲು. ಅವಳು ದೀಪದ ಸಾಲಿನತ್ತ ಬಂದಾಗಲೆಲ್ಲ ಒದೀಲ್ ಒಂದು ಹೆಜ್ಜೆ ಮುಂದಿಡುತ್ತಿದ್ದರು, ದೂರ ಹೋದಾಗ ಒಂದು ಹೆಜ್ಜೆ ಹಿಂದೆ. ಹಾಗೆ ಅವರೂ ಒಂದು ಬಗೆಯಲ್ಲಿ ಕುಣಿದರು. ಕೊನೆಯ ಸುತ್ತಿನಲ್ಲಿ ಹೊಸ ಲಂಗದ ಅಂಚು ಜ್ವಾಲೆಯ ಪಕ್ಕದಲ್ಲೇ ಬೀಸಿ ಹೋಯಿತು. ಜ್ವಾಲೆ ಬಾಗಿ ನೆಟ್ಟಗಾಯಿತು. ಒದೀಲ್ ಕಣ್ಣು ಮುಚ್ಚಲಿಲ್ಲ.

ಏನೂ ಆಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಹೊಟ್ಟೆಕಿಚ್ಚಾಯಿತು, ಆದರೂ ಒಪ್ಪಬೇಕು, ಅವಳು ನಿಜವಾಗಿಯೂ ಮಂಜಾಗಿದ್ದಳು.

ಒಳಗೆ ಬಂದ ಕ್ಲೆಮಾನ್ಸ್ ಮುದುಕಿಯ ಕಾಲ ಬಳಿ ನಿಂತ ನೀರು ನೋಡಿದಳು. "ನಿಮ್ಮ ಕಾಲು ನೆನೆದಿದೆ, ಮದಾಮ್" ಅಂದಳು.

"ನೆನೀಲಿ" ಅಂದರು ಒದೀಲ್.

ಒಂಬತ್ತು ವರ್ಷ ಕ್ಲೆಮಾನ್ಸ್ ಕುಣಿದಳು. ಒಂಬತ್ತು ವರ್ಷವೂ ಒದೀಲ್ ಹಾಗೇ ನಿಂತರು. ಅವರ ಮಣಿಕಟ್ಟು ವಾತ ಹಿಡಿದು ಊದಿಕೊಂಡಿತು. ಕುಂಟುತ್ತಾ ಬಂದ ನೊಯೆಲಿಯನ್ನು ಅವರೇ ಹೊಲಿಗೆಗೆ ಸೇರಿಸಿಕೊಂಡರು. ಒದೀಲ್ ತೀರಿಕೊಂಡ ಮೇಲೆ ಕೋಣೆಯೂ ಕಂಬಳಿಯೂ ನಾನೂ ನೊಯೆಲಿಯ ಪಾಲಾದೆವು.

ವರ್ಷಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕ್ಲೆಮಾನ್ಸ್ ಮೆಟ್ಟಿಲು ಹತ್ತಿ ಬಂದಳು. ಕೂದಲು ನರೆತಿತ್ತು, ಮೊಣಕಾಲು ನೋಯುತ್ತಿತ್ತು. ನೊಯೆಲಿ ಕಾಫಿ ಕೊಟ್ಟು ಎದುರಿಗೆ ಕುಳಿತಳು.

"ಒಂದು ಮಾತು ಕೇಳ್ಲಾ ಅಕ್ಕ? ಆ ದಿನ ನೀನು ಅದ್ದದ ಲಂಗ ಉಟ್ಟಿದ್ರೆ ನನ್ನ ಹತ್ರ ಬರ್ತಿದ್ಯಾ?"

ಕ್ಲೆಮಾನ್ಸ್ ಬಟ್ಟಲನ್ನು ತಿರುಗಿಸುತ್ತಾ ಕುಳಿತಳು. "ಗೊತ್ತಿಲ್ಲ ಕಣೆ. ಎಷ್ಟೋ ಸಲ ನನ್ನನ್ನೇ ಕೇಳ್ಕೊಂಡಿದೀನಿ. ನಾನು ಧೈರ್ಯವಂತೆ ಅಂತ ಎಲ್ರೂ ಹೇಳ್ತಾರೆ. ಲಂಗ ಇತ್ತು ಅನ್ನೋ ಧೈರ್ಯನೋ ಏನೋ."

ನೊಯೆಲಿ ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡಳು. ಕ್ಲೆಮಾನ್ಸ್ ಮತ್ತೆ ಬರಲಿಲ್ಲ, ಮರುವರ್ಷ ಹೋಗಿಬಿಟ್ಟಳು.

ಈಗ ರಂಗದಲ್ಲಿ ವಿದ್ಯುತ್ ದೀಪಗಳಿವೆಯಂತೆ. ನನ್ನನ್ನು ಕಾಗದದಲ್ಲಿ ಸುತ್ತಿ ಬೀರುವಿನ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಪಟಿಕ ಬಿಳಿ ಪುಡಿಯಾಗಿ ಉದುರುತ್ತಿದೆ. ಮಡಿಕೆಗಳಲ್ಲಿ ನಾನೇ ಹರಿಯುತ್ತಿದ್ದೇನೆ. ಅದರ ಬಗ್ಗೆ ದುಃಖವಿಲ್ಲ. ಬಟ್ಟೆಗೆ ಬಾಯಿಲ್ಲವಲ್ಲ ಎಂಬ ಕೊರಗು ಮಾತ್ರ ಉಳಿದಿದೆ.

ಯಾಕೆಂದರೆ ಆ ದಿನ ಅವಳ ಸೊಂಟದಲ್ಲಿದ್ದದ್ದು ನಾನು. ಓಡುವ ಮೊದಲು ಅವಳು ನನ್ನತ್ತ ನೋಡಲಿಲ್ಲ, ಕೈಯಿಂದ ಮುಟ್ಟಲೂ ಇಲ್ಲ. ಓಡುತ್ತಾ ಅವಳ ಬೆರಳುಗಳು ನನ್ನ ಕೊಕ್ಕೆಗಳನ್ನು ಕಿತ್ತುಹಾಕಲು ತಡಕಾಡುತ್ತಿದ್ದವು. ನನ್ನನ್ನು ಅದ್ದಿದ್ದು ಆ ಗಳಿಗೆ ಅವಳಿಗೆ ಮರೆತೇಹೋಗಿತ್ತು, ನಾನೂ ಹತ್ತಿಕೊಳ್ಳುತ್ತೇನೆಂದೇ ತಿಳಿದಿದ್ದಳು. ಕೊಕ್ಕೆ ಬಿಚ್ಚಲಿಲ್ಲ. ಅವಳು ನಿಲ್ಲಲೂ ಇಲ್ಲ.