ಎತ್ತದ ಹೆಬ್ಬೆರಳು

ಹೃದಯದ ಆಪರೇಷನ್ ಆದ ಮೇಲೆ ನನ್ನ ಗಂಡ ಮೊದಲ ಸಲ ಹಕ್ಕಿ ನೋಡಲು ಹೊರಟಾಗ ನಾನೂ ಬರುತ್ತೇನೆಂದು ಹಟ ಹಿಡಿದೆ. ಹಕ್ಕಿಗಳ ಮೇಲೆ ನನಗೇನೂ ಪ್ರೀತಿ ಉಕ್ಕಿರಲಿಲ್ಲ. ಕಾಗೆ, ಗುಬ್ಬಿ, ಕೊಕ್ಕರೆ, ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು. ಆದರೆ "ನಡೆದಾಡಲಿ, ಗಾಬರಿಯಾಗೋದು ಬೇಡ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಕೆರೆಯ ಜೌಗಿನಲ್ಲಿ ಈ ಮನುಷ್ಯ ಒಬ್ಬರೇ ಕುಸಿದರೆ ಎತ್ತುವವರು ಯಾರು, ಬಾತುಕೋಳಿಗಳೇ?

"ಬಾ. ಆದ್ರೆ ಗಳಿಗೆಗೊಂದ್ಸಲ 'ಹೇಗಿದ್ದೀರಿ' ಅನ್ನೋ ಹಾಗಿಲ್ಲ. ಬಾಯಿ ಬಿಟ್ರೆ ಹಕ್ಕಿ ಹಾರಿಹೋಗುತ್ತೆ."

"ಮತ್ತೆ ನಂಗೆ ಗೊತ್ತಾಗೋದು ಹೇಗ್ರೀ?"

ಕೊನೆಗೆ ಒಂದು ಒಪ್ಪಂದವಾಯಿತು. ನಾನು ಅವರ ಅಂಗಿಯ ತೋಳು ಎಳೆಯಬೇಕು. ಆರಾಮಾಗಿದ್ದರೆ ಅವರು ಹೆಬ್ಬೆರಳು ಎತ್ತಬೇಕು. ಬಟ್ಟೆ ಹೊಲಿದೇ ಸಂಸಾರ ತೂಗಿಸಿದವಳು ನಾನು. ಆ ತೋಳನ್ನು ಹೊಲಿದವಳೂ ನಾನೇ, ಎಳೆದರೆ ಕಿತ್ತು ಬರುವುದಿಲ್ಲವೆಂಬ ಧೈರ್ಯವಿತ್ತು.

ಬೆಳಕು ಹರಿಯುವಾಗ ಕೆರೆಯ ಮೇಲಿನ ಹಲಗೆ ದಾರಿಯಲ್ಲಿ ನಡೆಯುತ್ತಿದ್ದೆವು. ಎರಡೂ ಕಡೆ ತಾವರೆ ಎಲೆ, ಆಚೆಗೆ ಆಳೆತ್ತರದ ಜೊಂಡು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವಂತೆ. ನಾನು ನೋಡಿದ್ದು ಅವರ ಬೆನ್ನನ್ನು ಮಾತ್ರ. ಹಲಗೆ ಕಿರುಗುಟ್ಟಿದರೆ ತೋಳು ಎಳೆದೆ. ಅವರು ಕೆಮ್ಮಿದರೆ ಎಳೆದೆ. ಸುಮ್ಮನಿದ್ದರೂ ಎಳೆದೆ. ಪ್ರತಿ ಸಲವೂ ಹೆಬ್ಬೆರಳು ಎದ್ದಿತು. ಆದರೂ ಮತ್ತೆ ಎಳೆದೆ.

ದಾರಿಯ ಕೊನೆಗೆ ಹಕ್ಕಿ ನೋಡುವವರಿಗೆಂದು ಕಟ್ಟಿದ ಮರದ ಗೂಡು. ಒಳಗೊಂದು ಬೆಂಚು, ಎದುರಿಗೆ ಉದ್ದನೆಯ ಕಿಂಡಿ. ಅವರಿಗೆ ಬೇಕಿದ್ದದ್ದು ಕೆಂಪು ಗುಪ್ಪಿ. ಮಹಾ ನಾಚಿಕೆಯ ಹಕ್ಕಿ, ಹೆದರಿದರೆ ಕತ್ತು ನಿಗುರಿಸಿ ಜೊಂಡಿನಲ್ಲಿ ಜೊಂಡಾಗಿ ನಿಂತುಬಿಡುತ್ತದೆ. ಆಸ್ಪತ್ರೆಯ ಮಂಚದ ಮೇಲೂ ಅದರದೇ ಜಪ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಮ್ಮವರದು.

ಬಿಸಿಲು ಏರಿತು. ಇದ್ದಕ್ಕಿದ್ದಂತೆ ಕಿಂಡಿಯ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಜೊಂಡು ಅಲುಗಿ ಕಾವಿ ಬಣ್ಣದ ಹಕ್ಕಿಯೊಂದು ಹೊರಗೆ ಬಂತು. ನಮ್ಮ ಸುಳಿವು ಸಿಕ್ಕಿರಬೇಕು, ಕತ್ತು ನಿಗುರಿಸಿ ನಿಂತೇಬಿಟ್ಟಿತು. ಇವರೂ ದುರ್ಬೀನು ಎದೆಗೊತ್ತಿಕೊಂಡು ಹಾಗೇ ನಿಂತರು.

ತೋಳು ಎಳೆದೆ. ಹೆಬ್ಬೆರಳು ಏಳಲಿಲ್ಲ.

ಮತ್ತೆ ಎಳೆದೆ. ರೆಪ್ಪೆಯೂ ಬಡಿಯಲಿಲ್ಲ. ಉಸಿರಾಡುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ತೆರೆದ ಕಣ್ಣಿನಲ್ಲೇ ಹೋದವರ ಕಥೆ ಕೇಳಿಲ್ಲವೇ?

"ಅಯ್ಯೋ, ಏನಾಯ್ತ್ರೀ!" ಎಂದು ಕಿರುಚಿ ಅವರನ್ನು ತಬ್ಬಿಕೊಂಡೆ.

ಗುಪ್ಪಿ ಹಾರಿತು. ಅದರ ಹಿಂದೆ ಇಡೀ ಕೆರೆಯೇ ಎದ್ದು ಹೋದಂತಾಯಿತು.

ಅವರು ತಿರುಗಿ ನನ್ನನ್ನೇ ನೋಡಿದರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತರು.

"ಬೆರಳೆತ್ತೋಕೆ ಏನ್ರೀ ಆಗಿತ್ತು ನಿಮಗೆ?" ಅಳುತ್ತಲೇ ಗದರಿದೆ.

"ಮರ್ತೇ ಹೋಯ್ತು ಕಣೆ." ದುರ್ಬೀನನ್ನು ಮಡಿಲಿಗಿಳಿಸಿ ಹೇಳಿದರು: "ಬೆಳಗ್ಗೆಯಿಂದ ಎತ್ತಿದ್ದೆಲ್ಲ ಸುಳ್ಳು. ಒಂದೊಂದು ಹೆಜ್ಜೆಗೂ ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಎದೆಗೇ ಕಿವಿಗೊಟ್ಕೊಂಡು ಬಂದೆ. ಮನೇಲೂ ಅಷ್ಟೇ, ರಾತ್ರಿಯೆಲ್ಲ ಅಷ್ಟೇ. ಆ ಹಕ್ಕಿ ಬಂತು ನೋಡು, ಎದೆ ಅಂತ ಒಂದಿದೆ ಅನ್ನೋದೇ ಮರೆತುಹೋಯ್ತು."

ಅಷ್ಟು ದಿನಗಳ ಭಯದ ನಡುವೆ ಅವರಿಗೆ ಸಿಕ್ಕಿದ್ದ ಒಂದೇ ಒಂದು ನೆಮ್ಮದಿಯ ಗಳಿಗೆ. ಅದನ್ನು ನಾನೇ ಕೂಗಿ ಓಡಿಸಿದ್ದೆ.

"ನಡಿ, ಹೋಗೋಣ," ಎಂದು ಎದ್ದರು.

"ಕೂತ್ಕೊಳ್ಳಿ. ಮತ್ತೆ ಬರುತ್ತೆ."

"ಬಂದ್ರೆ? ತೋಳು ಎಳೆಯದೆ ಇರೋಕೆ ನಿನ್ನ ಕೈಲಾಗುತ್ತಾ?"

"ಆಗಲ್ಲ," ಎಂದೆ.

ಎರಡೂ ಅಂಗೈಗಳನ್ನು ಬೆಂಚಿನ ಮೇಲೆ ಅಂಗಾತ ಇಟ್ಟು, ಅವುಗಳ ಮೇಲೆ ಕೂತೆ.