ಮೂರನೆಯ ಸುತ್ತು

ಶವಪೆಟ್ಟಿಗೆಯ ಹಿಂದೆ ನಡೆಯುತ್ತಲೇ ಅಲೀಡಾ ಮಗಳ ತೋಳು ಹಿಡಿದು, ಚರ್ಚಿನ ಗೇಟಿನ ಕಡೆ ನೋಡಬೇಡ ಎಂದಳು. ಯಾಂಟಿನಾ ಆಗಲೇ ನೋಡಿಬಿಟ್ಟಿದ್ದಳು. ಗೇಟಿನ ಹೊರಗೆ ರೆನ್ಸ್ಕೆ ಒಬ್ಬಳೇ ನಿಂತಿದ್ದಳು.

ನಮ್ಮ ಗ್ರೋನಿಂಗನ್ ಸೀಮೆಯ ಈ ಹಳ್ಳಿಯಲ್ಲಿ ಚರ್ಚಿಗೆ ಮೂರು ಸುತ್ತು ಹಾಕಿಸಿಯೇ ಹೂಳುವುದು. ಯಾರು ಹಿಂದೆ ನಡೆಯುತ್ತಾರೋ ಅವರೇ ಸತ್ತವನ ಜನ. ಪೆಟ್ಟಿಗೆಯಲ್ಲಿದ್ದ ವೀಬೆ, ಯಾಂಟಿನಾಳ ಅಪ್ಪ, ಹೆಂಡತಿ ಅಲೀಡಾಳನ್ನು ಬಿಟ್ಟು ಕೊನೆಯ ವರ್ಷಗಳನ್ನು ರೆನ್ಸ್ಕೆಯ ಜೊತೆ ಕಳೆದಿದ್ದ. ಕಾಯಿಲೆಯಲ್ಲಿ ಗಂಜಿ ಕುಡಿಸಿ, ಹಾಸಿಗೆ ಒಗೆದವಳು ಅವಳೇ. ಆದರೂ ಸಾವಿನ ಸುದ್ದಿ ತಿಳಿಸಿ ಊರಿಗೆ ಕಳಿಸುವ ಕಾರ್ಡಿನಲ್ಲಿ ಅವಳ ಹೆಸರು ಬೇಡವೆಂದು ಅಲೀಡಾ ಹಟ ಹಿಡಿದಳು. ಜಗಳ ಯಾಕೆಂದು ಯಾಂಟಿನಾ ಒಪ್ಪಿದಳು.

*

ಚಿಕ್ಕವಳಿದ್ದಾಗ ಅಪ್ಪ ಯಾಂಟಿನಾಳನ್ನು ತಾನು ಕೆಲಸ ಮಾಡುವ ಯೂನಿವರ್ಸಿಟಿಗೆ ಕರೆದೊಯ್ದಿದ್ದ. ಡಿಎನ್‌ಎಯನ್ನು ಪರದೆಯ ಮೇಲೆ ಮೂಡಿಸಲು ಅದರ ಪ್ರತಿ ಪರಮಾಣುವನ್ನೂ ಲೆಕ್ಕ ಹಾಕುತ್ತ ಕೂತರೆ ಕಂಪ್ಯೂಟರಿಗೇ ಮುಪ್ಪು ಬರುತ್ತದೆ. ಅದಕ್ಕೇ ನಾಲ್ಕಾರು ಪರಮಾಣು ಸೇರಿಸಿ ಒಂದು ಮಣಿ ಮಾಡಿಕೊಂಡು ಉಳಿದದ್ದನ್ನು ಬಿಡುತ್ತೇವೆ ಎಂದಿದ್ದ. ಆದರೆ ಅವತ್ತು ಪರದೆಯ ಮೇಲೆ, ಸುರುಳಿ ಸುತ್ತಬೇಕಾದ ಮಣಿಸರ ಏಣಿಯ ಹಾಗೆ ನೆಟ್ಟಗೆ ನಿಂತಿತ್ತು. ಒಂದರ ಮೇಲೊಂದು ಕೂತ ಮಣಿಗಳ ನಡುವಿನ ಸಣ್ಣ ಸೆಳೆತವನ್ನು ಅವನೇ ಬೇಡವೆಂದು ಕೈಬಿಟ್ಟಿದ್ದ.

"ಬಿಡೋದೇ ನನ್ನ ಕೆಲಸ, ಪುಟ್ಟಿ. ಆದ್ರೆ ಬಿಟ್ಟ ಮೇಲೂ ಅದು ಅದೇ ಆಗಿರ್ಬೇಕು. ಇದು ನೋಡು, ಡಿಎನ್‌ಎನೇ ಅಲ್ಲ," ಎಂದು ನಕ್ಕು, ಸಪ್ಪೆ ಮುಖ ಮಾಡಿಕೊಂಡು ಮೊದಲಿನಿಂದ ಶುರು ಮಾಡಿದ್ದ.

*

ಎರಡನೆಯ ಸುತ್ತಿನಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ ಎಬೆಲ್ ಪಕ್ಕಕ್ಕೆ ಬಂದ. ವೀಬೆಯನ್ನು ಅಂಗಡಿಗೆ ಕಳಿಸಿದರೆ ಹೇಳಿದ ಏಳು ಸಾಮಾನನ್ನು ಎರಡಕ್ಕೆ ಇಳಿಸಿಕೊಂಡು ಬರುತ್ತಿದ್ದ ಎಂದು ನಗಿಸಲು ನೋಡಿದ. ಅವನ ಕಣ್ಣೇ ತುಂಬಿತ್ತು. ಗೇಟಿನ ಮುಂದೆ ಹಾದುಹೋಗುವಾಗ ರೆನ್ಸ್ಕೆಯ ಕಡೆ ನೋಡಿ ದನಿ ತಗ್ಗಿಸಿದ.

"ನಾನು ನೋಡೋಕೆ ಹೋದಾಗೆಲ್ಲ ಅವಳೇ ಇರ್ತಿದ್ಲು. ಅವಳನ್ನ ಬಿಟ್ಟು ಇದ್ಯಾವ ವೀಬೆನ ಹೂಳ್ತಿದೀವಮ್ಮ?"

ಅಲೀಡಾಳಿಗೆ ಕೇಳಿಸಿತು. "ಹೋಗೋದಾದ್ರೆ ಹೋಗು," ಎಂದಳು ಮಗಳಿಗೆ. "ನಾನಂತೂ ತಿರುಗಿ ನೋಡಲ್ಲ."

ಯಾಂಟಿನಾಗೆ ಹೆದರಿಕೆಯಾಯಿತು. ಅಪ್ಪ ಹೋಗಿಯಾಗಿತ್ತು, ಸಾಲು ಬಿಟ್ಟರೆ ಅಮ್ಮನೂ ಕೈತಪ್ಪುತ್ತಾಳೆ. ಆದರೂ ಮೂರನೆಯ ಸುತ್ತು ಶುರುವಾದಾಗ ಅವಳ ಕಾಲು ಗೇಟಿನ ಕಡೆ ನಡೆಯಿತು.

ರೆನ್ಸ್ಕೆ ಹಿಂದೆ ಸರಿದಳು. "ಬೇಡ ಕಣಮ್ಮ. ಇಲ್ಲಿಂದ್ಲೇ ಕಾಣುತ್ತೆ."

"ಬನ್ನಿ," ಎಂದು ಯಾಂಟಿನಾ ಅವಳ ತಣ್ಣನೆಯ ಕೈ ಹಿಡಿದುಕೊಂಡಳು.

ಜನ ದಾರಿ ಬಿಟ್ಟರು. ಜಲ್ಲಿಯ ಮೇಲೆ ಇಬ್ಬರ ಹೆಜ್ಜೆ ಹತ್ತಿರವಾಗುವುದು ಎಲ್ಲರಿಗೂ ಕೇಳುತ್ತಿತ್ತು. ಅಲೀಡಾ ತಿರುಗಿ ನೋಡಲಿಲ್ಲ. ನಡೆಯುತ್ತಲೇ ದಾರಿಯ ನಡುವೆ ಇನ್ನಿಬ್ಬರಿಗೆ ಜಾಗವಾಗುವಷ್ಟು ಅಂಚಿಗೆ ಸರಿದು, ಒದ್ದೆ ಹುಲ್ಲಿನಲ್ಲಿ ಬೂಟು ನೆನೆಸಿಕೊಂಡು ಹೆಜ್ಜೆ ಹಾಕತೊಡಗಿದಳು.