ಮುಟ್ಟಿದ ಆನೆ

ಬೆರಳು ಆನೆಯ ತಲೆಗೆ ತಾಗಿದ ಮೇಲೆ ಅವಳಿಗೆ ಗೊತ್ತಾಯಿತು, ಮುಟ್ಟಬೇಕಾಗಿದ್ದುದು ಕುದುರೆಯನ್ನು ಎಂದು.

ಕೈಯನ್ನು ಹಿಂದಕ್ಕೆಳೆದುಕೊಂಡಳು. ಆದರೆ ಎದುರಿಗೆ ಕೂತಿದ್ದ ಮೇಷ್ಟ್ರು ನೋಡಿಬಿಟ್ಟಿದ್ದರು. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಮುಟ್ಟಿದ್ದನ್ನೇ ನಡೆಸ್ಬೇಕು ಕಣಮ್ಮ."

"ಗೊತ್ತು ಸರ್."

"ನಾನೇ ಹೇಳಿಕೊಟ್ಟಿದ್ದು."

"ಅದೂ ಗೊತ್ತು ಸರ್."

ಬಾಗಿಲಿಗೆ ಒರಗಿ ಆಟ ನೋಡುತ್ತಿದ್ದ, ಅವಳ ಆಸ್ಪತ್ರೆಯ ಫಾರ್ಮಸಿಯವನು ಸದ್ದಾಗದಂತೆ ಹಣೆ ಹಣೆ ಚಚ್ಚಿಕೊಂಡ.

ಮೇಷ್ಟ್ರು ರಾಜನನ್ನು ಮೂಲೆಗೆ ಸರಿಸುತ್ತಾರೆಂದು ಅವಳು ಮೊದಲೇ ತೀರ್ಮಾನಿಸಿದ್ದಳು. ಸರಿಸಿದ ಕೂಡಲೇ ಆನೆಯಿಂದ ಚೆಕ್ ಕೊಡುವುದೆಂದು ಕೈಗೆ ಅಪ್ಪಣೆಯೂ ಆಗಿತ್ತು. ಅವರು ರಾಜನನ್ನು ಮುಂದಕ್ಕಿಟ್ಟರು. ಕಣ್ಣು ಅದನ್ನು ಕಾಣುವಷ್ಟರಲ್ಲಿ ಕೈ ಹೊರಟಾಗಿತ್ತು. ಕುದುರೆಯನ್ನು ಒಮ್ಮೆ ಹಾರಿಸಿದ್ದರೆ ಅವರ ರಾಜ, ಆನೆ ಎರಡೂ ಒಂದೇ ಏಟಿಗೆ ಸಿಕ್ಕಿ, ಆಟ ಅಲ್ಲಿಗೇ ಮುಗಿಯುತ್ತಿತ್ತು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಈ ಕ್ಲಬ್ಬಿನ ಕೋಣೆಯಲ್ಲೇ ಅವಳು ಚಿಕ್ಕವಳಿದ್ದಾಗ ಆಟ ಕಲಿತದ್ದು. ಮೇಷ್ಟ್ರ ಶಿಷ್ಯರಲ್ಲೆಲ್ಲ ಇವಳೇ ಮುಂದು ಎನ್ನುತ್ತಿದ್ದರು. ಆಮೇಲೆ ಆಸ್ಪತ್ರೆಯ ಲ್ಯಾಬಿನ ಕೆಲಸ, ಮದುವೆ, ಮಗಳು. ಈಗ ರಕ್ತದ ನಳಿಕೆಗಳು ಯಂತ್ರದಲ್ಲಿ ತಿರುಗಿ ನಿಲ್ಲುವವರೆಗೆ ಸಿಗುವ ಬಿಡುವೇ ಅವಳ ಚೆಸ್ಸು. ಫಾರ್ಮಸಿಯ ಕಿಟಕಿಯ ಈಚೆ ಅವಳು, ಆಚೆ ಅವನು. ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಮೂರು ನಿಮಿಷ, ಹೊತ್ತು ಮುಗಿದವರು ಸೋತಂತೆ. ಟಕಟಕ ಟಕಟಕ ಎಂದು ಗಡಿಯಾರ ಬಡಿಯುವ ಸದ್ದಿಗೆ ವಾರ್ಡಿನ ನರ್ಸುಗಳು, "ಶುರುವಾಯ್ತಪ್ಪ ಇವರ ಹೊಲಿಗೆ ಮಿಷನ್ನು" ಎಂದು ನಗುತ್ತಿದ್ದರು.

ಕ್ಲಬ್ಬಿನ ತಂಡದಲ್ಲಿರುವುದು ನಾಲ್ಕು ಕುರ್ಚಿ. ನಾಲ್ಕನೆಯದು ಎಷ್ಟೋ ವರ್ಷಗಳಿಂದ ಮೇಷ್ಟ್ರದು. ಈ ಸಲದ ಪಂದ್ಯಕ್ಕೆ ತನ್ನನ್ನೂ ಪರಿಗಣಿಸಿ ಎಂದು ಅವಳು ಕೇಳಿದಾಗ ಅವರು ತಲೆಯಾಡಿಸಿದ್ದರು.

"ಅಲ್ಲಿ ಆಡ್ಬೇಕಾಗಿರೋದು ಗಂಟೆಗಟ್ಟಲೆ ಕೂರೋ ದೊಡ್ಡ ಆಟ. ನೀನೀಗ ಆಡ್ತಿರೋದು ಚೆಸ್ಸಲ್ಲ, ಕೈಚಳಕ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಸುಮ್ನೆ ಮಾಡಿಲ್ಲ. ಒಳ್ಳೇ ಕೈನ ಕೆಡಿಸ್ಕೊಂಡೆ."

"ಸರ್, ನನಗೆ ಸಿಗೋದೇ ಅಷ್ಟು ಹೊತ್ತು. ಅದರಲ್ಲಿ ಆಡ್ಲಿಲ್ಲ ಅಂದ್ರೆ ಆಡೋದೇ ಇಲ್ಲ."

ಅವರು, "ಹಾಗಾದ್ರೆ ನನ್ನನ್ನ ಸೋಲಿಸಿ ಕುರ್ಚಿ ತಗೋ" ಎಂದಿದ್ದರು. ಅದಕ್ಕೇ ಈ ರಜೆಯ ಮಧ್ಯಾಹ್ನ, ಈ ಆಟ.

ಆಟ ಶುರುವಾಗುವ ಮುಂಚೆ ಫಾರ್ಮಸಿಯವನು ಮೇಷ್ಟ್ರನ್ನು ಕೆಣಕಿದ್ದ: "ನಿಧಾನವೇ ಪ್ರಧಾನ ಅಂತ ನಾನು ಮಾತ್ರೆ ಕೊಡ್ತಾ ಕೂತ್ರೆ, ರೋಗ ತಾನಾಗೇ ವಾಸಿಯಾಗಿಬಿಡುತ್ತೆ ಸಾರ್."

"ಆಗ್ಲಿ ಬಿಡಪ್ಪ, ಒಳ್ಳೇದೇ ಆಯ್ತಲ್ಲ" ಎಂದು ಮೇಷ್ಟ್ರು ಕಾಯಿ ಜೋಡಿಸಿದ್ದರು.

ಈಗ ಅವರ ಗಡಿಯಾರದಲ್ಲಿ ಉಳಿದದ್ದು ಕೆಲವೇ ನಿಮಿಷ. ಅವಳದರಲ್ಲಿ ಬೇಕಾದಷ್ಟಿತ್ತು. ಎದುರಾಳಿಯ ಹೊತ್ತು ಮುಗಿಯುತ್ತಿರುವಾಗ ಅವನಿಗೆ ಉಸಿರಾಡಲು ಬಿಡಬಾರದು, ನಡೆಯ ಮೇಲೆ ನಡೆ ಇಟ್ಟು ಗಾಬರಿಪಡಿಸಬೇಕು. ಕಿಟಕಿಯ ಬಳಿಯ ಆಟ ಅವಳಿಗೆ ಕಲಿಸಿದ್ದು ಅದನ್ನೇ. ಕೈ ತುರಿಸತೊಡಗಿತು. ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಟ್ಟು ಕೂತಳು.

ತಪ್ಪಿದ ಕುದುರೆಯನ್ನು ನೆನೆಯುವುದರಲ್ಲೇ ಮೊದಲು ಸ್ವಲ್ಪ ಹೊತ್ತು ಹಾಳಾಯಿತು. ಆಮೇಲೆ ತನ್ನ ಮೇಲಿನ ಸಿಟ್ಟು ಇಳಿಯಿತು. ಕೆಳಗೆ ಯಾರೋ ಟ್ಯೂಬಿಗೆ ಗಾಳಿ ತುಂಬುತ್ತಿದ್ದರು. ಆನೆ ಹೋಗಬಹುದಾದ ಮನೆಗಳನ್ನು ಒಂದೊಂದಾಗಿ ನೋಡುತ್ತ ಬಂದಳು. ಚೆಕ್ ಕೊಟ್ಟರೆ ರಾಜ ತಪ್ಪಿಸಿಕೊಂಡು ಅವಳ ಪದಾತಿಯನ್ನೇ ತಿನ್ನುತ್ತಾನೆ. ಪಕ್ಕಕ್ಕಿಟ್ಟರೆ ಕುದುರೆಯ ಬಾಯಿಂದ ಜಾರಿ ಹಿಂದಕ್ಕೆ ಹೋಗುತ್ತಾನೆ. ಅವಳ ಸಮಯದಲ್ಲಿ ಮೇಷ್ಟ್ರೂ ಪುಕ್ಕಟೆ ಯೋಚಿಸುತ್ತಿದ್ದರು. ಮುಖದಲ್ಲಿ ಊಟವಾದ ಮೇಲಿನ ನೆಮ್ಮದಿ.

ಹಿಂದಕ್ಕೆ ಹೋಗುತ್ತಾನೆ. ಹೋಗದ ಹಾಗೆ ಮಾಡಿದರೆ?

ರಾಜನ ಬೆನ್ನ ಹಿಂದಿನ ಸಾಲು ಪೂರ್ತಿ ಖಾಲಿಯಿತ್ತು. ಆನೆ ಅಲ್ಲಿ ಕೂತರೆ ಹಿಂದಿನ ದಾರಿ ಬಂದ್. ಫಾರ್ಮಸಿಯವನು ಈ ನಡೆಯನ್ನು ಅವಳ ಮೇಲೆ ಎಷ್ಟು ಸಲ ಆಡಿಲ್ಲ! ಕೊನೆಯ ಕೆಲವು ಸೆಕೆಂಡು ಉಳಿದಿರುವಾಗ ಆನೆಯನ್ನು ಕುಟ್ಟಿ, "ಬಾಗಿಲು ಹಾಕ್ದೆ ಅಕ್ಕಾ, ಇನ್ನು ಬೀದೀಲೇ ಮಲಗು" ಎಂದು ಕೂಗುವುದು. ಅವಳಿಗೆ ನಗು ಬಂತು. ಆದರೂ ತೊಡೆಯ ಕೆಳಗಿನಿಂದ ಕೈ ತೆಗೆಯಲಿಲ್ಲ. ಕುದುರೆಯ ಬೆದರಿಕೆ ಹಾಗೇ ಉಳಿಯುತ್ತದೆ. ಅದರಿಂದ ತಪ್ಪಿಸಲು ಮೇಷ್ಟ್ರು ತಮ್ಮ ಆನೆಯನ್ನು ತೆಗೆದರೆ, ಇಷ್ಟು ಹೊತ್ತೂ ಅದು ತಡೆದು ನಿಲ್ಲಿಸಿದ್ದ ಅವಳ ಪದಾತಿ ಓಡುತ್ತದೆ. ಎರಡರಿಂದಲೂ ಪಾರಾಗಲು ಅವರ ಆನೆಗಿರುವುದು ಒಂದೇ ಮನೆ, ದೂರದ ಬಲಮೂಲೆ. ಅದನ್ನು ಮತ್ತೊಮ್ಮೆ, ಮಗದೊಮ್ಮೆ ನೋಡಿದಳು. ಅಲ್ಲಿಟ್ಟರೆ ಅವರು ಉಳಿಯುತ್ತಾರೆ. ಇದಕ್ಕಿಂತ ಒಳ್ಳೆಯ ನಡೆ ತನ್ನ ಬಳಿ ಇಲ್ಲ ಎಂದು ಖಚಿತವಾದ ಮೇಲೆ ಆನೆಯನ್ನು ಎತ್ತಿ, ಸಾಲಿನಲ್ಲಿಟ್ಟು, ಗಡಿಯಾರವನ್ನು ಮೆಲ್ಲಗೆ ಒತ್ತಿದಳು.

ಮೇಷ್ಟ್ರ ಹುಬ್ಬು ಮೇಲಕ್ಕೇರಿತು. ಅವರು ಇದೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದರೆಂದು ಅವಳಿಗೆ ತಿಳಿಯಿತು. ಅವರು ಮುಂದಕ್ಕೆ ಬಾಗಿದರು. ಗಡಿಯಾರದ ಕಡೆ ನೋಡಲೇ ಇಲ್ಲ. ನೋಡುವ ಅಭ್ಯಾಸವೇ ಅವರಿಗಿರಲಿಲ್ಲ. ಕೊನೆಯ ನಿಮಿಷ ಕರಗಿತು. ಫಾರ್ಮಸಿಯವನು ಬಾಗಿಲು ಬಿಟ್ಟು ಮೇಜಿನ ಹತ್ತಿರಕ್ಕೆ ಬಂದ.

ಮೇಷ್ಟ್ರು ಆನೆಯನ್ನು ಎತ್ತಿದರು. ಅದು ಗಾಳಿಯಲ್ಲೇ ನಿಧಾನವಾಗಿ ಹೋಗಿ, ದೂರದ ಬಲಮೂಲೆಯ ಮೇಲೆ ಒಂದಿಷ್ಟು ಹೊತ್ತು ನಿಂತು, ಇಳಿಯಿತು. ಅವರು ಗಡಿಯಾರ ಒತ್ತಿದರು. ಅದು ಅಲುಗಲಿಲ್ಲ. ಸೊನ್ನೆಗಳನ್ನು ತೋರಿಸುತ್ತ ನಿಂತಿತ್ತು.



"ಮನೆ ಸರಿಯಾಗೇ ಇತ್ತು ಸರ್" ಎಂದಳು ಅವಳು.

"ಗೊತ್ತು ಕಣಮ್ಮ." ಅವರು ಕೈ ಚಾಚಿದರು. ಹಿಡಿತ ಬಿಗಿಯಾಗಿತ್ತು. "ಭಾನುವಾರ ಬೆಳಗ್ಗೆ ಬಸ್ಸು. ತಡ ಮಾಡ್ಬೇಡ."

"ಇಲ್ಲ ಸರ್."

"ಆ ಆನೆ... ನೀನಾಗೇ ಮುಟ್ಟಿದ್ಯಾ, ಇಲ್ಲ ಕೈ ಜಾರಿದ್ದಾ?"

"ಕೈ ಜಾರಿದ್ದು ಸರ್. ಇಟ್ಟಿದ್ದು ಮಾತ್ರ ನಾನೇ."

ಅವರು ಎದ್ದರು. ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಳ್ಳಲಿಲ್ಲ, ಚಪ್ಪಲಿಯ ಕಡೆಗೂ ಹೋಗಲಿಲ್ಲ. ಮೇಜಿನ ಅಂಚನ್ನು ಹಿಡಿದು ನಿಧಾನವಾಗಿ ಸುತ್ತಿ ಬಂದು, ಅವಳ ಬೆನ್ನ ಹಿಂದೆ ನಿಂತು, ಹಲಗೆಯನ್ನು ಅವಳ ಕಡೆಯಿಂದ ನೋಡತೊಡಗಿದರು.